ಕೆರೆ ಎಂಬ ಫೋಲ್ಡರ್

ನನ್ನ ತಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಡೆದುಕೊಂಡೇ ಹೋಗಿ ಬಂದ. ರಿಸಲ್ಟ್ ನೋಡಲು ಹೋಗುವ ಹೊತ್ತಿಗೆ ಅವನ ಕಾಲು ಸೋತಿದ್ದವು. ಸ್ನಾಯು ಸವೆಯುವ ಕಾಯಿಲೆ, ನಿಧಾನವಾಗಿ ಮೇಲಕ್ಕೆ ಹತ್ತುತ್ತದೆ, ಇದಕ್ಕೆ ಔಷಧಿ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಹೋಗಿದ್ದರು. ಅವ್ವ ಒಬ್ಬಳೇ ಅವನ ಮಂಚವನ್ನು ಒಳಕೋಣೆಯಿಂದ ಎಳೆದು ತಂದು ಬಾಗಿಲ ಪಕ್ಕ ಹಾಕಿದಳು. ಕಳ್ಳಂಬೆಳ್ಳದಲ್ಲಿ ನಮ್ಮ ಮನೆ ಕೆರೆಯ ಕೋಡಿ ಕಡೆಯ ದಿಣ್ಣೆಯ ಮೇಲಿದೆ. ಬಾಗಿಲಲ್ಲಿ ಕೂತರೆ ನೀರು, ತೂಬು, ಏರಿಯ ಮೇಲಿನ ದಾರಿ ಎಲ್ಲವೂ ಕಾಣುತ್ತವೆ. ಅವನು ಆ ಬಾಗಿಲಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದ.

ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಆಗ ಮಧುಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಸಂಜೆ ಹೊತ್ತು ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಪಡಿತರ ಚೀಟಿಯ ಅರ್ಜಿ, ಏನು ಬಂದರೆ ಅದು. ಅಂಗಡಿಯ ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ಹಿಂದೆ ಟೈಪ್‌ರೈಟಿಂಗ್ ಕಲಿಸುತ್ತಿದ್ದವರು. ನನಗೆ ಶಿರಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಅಂಗಡಿ ಬಿಡುವಾಗ ಅವರು ಹಳೆಯ ಕಂಪ್ಯೂಟರೊಂದನ್ನು ಕೊಟ್ಟರು. ಅದರಲ್ಲಿ ನಾವು ಅಂಗಡಿಯಲ್ಲಿ ಬಳಸುತ್ತಿದ್ದ ಕನ್ನಡ ತಂತ್ರಾಂಶವನ್ನೂ ಹಾಕಿಕೊಟ್ಟರು. ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಊರಿಗೆ ತಂದೆ.

ಕೀಲಿಗಳ ಸ್ಥಾನವನ್ನು ತಮ್ಮ ಒಂದೇ ವಾರದಲ್ಲಿ ಕಲಿತ. ಮೊದಮೊದಲು ಊರವರ ಅರ್ಜಿ ಬರೆಯುತ್ತಿದ್ದ. ವಿಧವಾ ವೇತನ, ಪಹಣಿ ತಿದ್ದುಪಡಿ, ಬೀದಿ ದೀಪ. ನಾನು ಭಾನುವಾರ ಹೋದಾಗ ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಶಿರಾದಲ್ಲಿ ಪ್ರಿಂಟ್ ತೆಗೆದು ಕಳಿಸುತ್ತಿದ್ದೆ. ಆಗ ನಮ್ಮ ಕಚೇರಿಯಲ್ಲೂ ಅದೇ ತಂತ್ರಾಂಶವಿದ್ದದ್ದರಿಂದ ಏನೂ ತೊಡಕಾಗಲಿಲ್ಲ. ಅರ್ಜಿ ಬರೆಸಲು ಬಂದವರನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ. ಒಮ್ಮೆ ಪಂಚಾಯಿತಿ ಸದಸ್ಯರೊಬ್ಬರಿಗೆ, ನಿಮ್ಮ ಅರ್ಜಿಯಲ್ಲಿ ಮೂರು ಸುಳ್ಳಿವೆ, ಯಾವುದನ್ನು ದಪ್ಪಕ್ಷರದಲ್ಲಿ ಹಾಕಲಿ ಎಂದು ಕೇಳಿದ್ದನಂತೆ. ಅವರು ನಕ್ಕು, ಹೋಗುವಾಗ ಅವ್ವನ ಕೈಗೆ ಒಂದು ಸೋರೆಕಾಯಿ ಕೊಟ್ಟು ಹೋದರಂತೆ.

ಅರ್ಜಿಗಳ ನಡುವೆ ಅವನು ತನಗಾಗಿ ಬರೆಯಲು ಶುರುಮಾಡಿದ್ದು ನನಗೆ ಗೊತ್ತಾದದ್ದು ತಡವಾಗಿ. ಒಂದು ಭಾನುವಾರ ಪರದೆಯ ಮೇಲೆ ‘ಕೆರೆ’ ಎಂಬ ಫೋಲ್ಡರ್ ಕಂಡಿತು. ಒಳಗೆ ದಿನಕ್ಕೊಂದು ಫೈಲು, ಕೆಲವು ಎರಡೇ ಸಾಲಿನವು. ನಾನು ಒಂದನ್ನು ಓದಿದೆ. ‘ತೂಬಿನ ಮೂರನೇ ಮೆಟ್ಲು ಕಾಣ್ತಾ ಐತೆ, ನೆನ್ನೆ ಕಾಣ್ತಿರ್ಲಿಲ್ಲ. ಗುಳುಮುಳುಕ ಹಕ್ಕಿ ಎಲ್ಡು ಮರಿ ಮಾಡೈತೆ. ನೀರಗಂಟಿ ಹೊಸ ಟವಲ್ ಹೊದ್ಕಂಡು ಹೋದ, ಯಾರ್ ಕೊಟ್ರೋ.’ ಅಷ್ಟೇ. ಮಾತಾಡುವ ಹಾಗೆಯೇ ಬರೆದಿದ್ದ. ಇದೇನು ಎಂದದ್ದಕ್ಕೆ, ಕೆರೆಗೆ ಒಬ್ಬ ಗುಮಾಸ್ತ ಬೇಡವಾ ಎಂದ. ಆಮೇಲೆ ನಾನು ಕೇಳಲಿಲ್ಲ, ಅವನೂ ತೋರಿಸಲಿಲ್ಲ. ಅವನು ಬರೆಯುತ್ತಿದ್ದಾನೆ ಎಂಬುದು ನನಗೆ ಒಂದು ನೆಮ್ಮದಿಯಾಗಿತ್ತು. ಏನು ಬರೆಯುತ್ತಿದ್ದಾನೆ ಎಂದು ತಿಳಿದುಕೊಳ್ಳುವ ಪುರಸೊತ್ತನ್ನು ನಾನು ಮಾಡಿಕೊಳ್ಳಲಿಲ್ಲ.

ವರ್ಷಗಳು ಹೋದವು. ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಕಾಯಿಲೆ ಅವನ ಸೊಂಟ ದಾಟಿ ತೋಳಿಗೆ ಬಂತು. ಕಚೇರಿಗೆ ಹೊಸ ಕಂಪ್ಯೂಟರು ಬಂದವು, ಹೊಸ ಆಫೀಸ್ ತಂತ್ರಾಂಶ ಬಂತು. ಇನ್ನು ಮುಂದೆ ಎಲ್ಲವೂ ಯೂನಿಕೋಡ್‌ನಲ್ಲೇ ಇರಬೇಕು ಎಂದು ಸುತ್ತೋಲೆಯೂ ಬಂತು. ಹಳೆಯ ಕಡತಗಳನ್ನು ಹೊಸ ಅಕ್ಷರಕ್ಕೆ ಬದಲಾಯಿಸುವ ಕೆಲಸ ನನ್ನ ಮೇಜಿಗೇ ಬಿತ್ತು. ವರ್ಷವಿಡೀ ಕೂತು ಮಾಡಿದೆ. ಪಿಂಚಣಿ ಪಟ್ಟಿ, ಸಭೆಯ ನಡಾವಳಿ, ಯಾವಾಗಲೋ ತೀರಿಕೊಂಡ ನೌಕರರ ರಜೆಯ ಲೆಕ್ಕ. ಒಂದು ಕಡತವೂ ಹಾಳಾಗದ ಹಾಗೆ ಮಾಡಿದೆನೆಂದು ಮೇಲಧಿಕಾರಿಗಳು ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು.

ಅದೇ ವರ್ಷ ತಮ್ಮನ ಮಾನಿಟರು ಮಸುಕಾಗತೊಡಗಿತು. ಕೀಲಿಮಣೆ ಒತ್ತಲು ಅವನು ಮೈಯನ್ನೆಲ್ಲ ಮುಂದಕ್ಕೆ ಬಾಗಿಸಬೇಕಾಗಿತ್ತು. ನಾನು ಒಂದು ಹಗುರವಾದ ಲ್ಯಾಪ್‌ಟಾಪ್ ಕೊಂಡೆ. ಹಲಗೆಯ ಮೇಲಿಟ್ಟು ತೊಡೆಯ ಮೇಲೆ ಕೂರಿಸಿದರೆ ಕೈ ಎತ್ತುವ ಕಷ್ಟವಿರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಭಾನುವಾರ ಒಂದು ಆಟೋ ಮಾಡಿಕೊಂಡು ಹೋದೆ. ಹಳೆಯ ಕಂಪ್ಯೂಟರಿನಿಂದ ‘ಕೆರೆ’ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಫೈಲುಗಳೆಲ್ಲ ಬಂದಿವೆಯೇ ಎಂದು ಹೆಸರು ನೋಡಿದೆನೇ ಹೊರತು ಒಂದನ್ನೂ ತೆರೆದು ನೋಡಲಿಲ್ಲ. ಹಳೆಯ ಪೆಟ್ಟಿಗೆಯನ್ನು ಅದೇ ಆಟೋದಲ್ಲಿ ಶಿರಾಕ್ಕೆ ತಂದು ಗುಜರಿಗೆ ಹಾಕಿದೆ. ಮನೆಯಲ್ಲಿ ಜಾಗವಾಯಿತು ಎಂದು ಅವ್ವನೂ ಸಂತೋಷಪಟ್ಟಳು.

ಮರುವಾರ ಹೋದಾಗ ಲ್ಯಾಪ್‌ಟಾಪನ್ನು ತಮ್ಮ ನನ್ನ ಕಡೆ ತಿರುಗಿಸಿದ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು. ಎ ಅಕ್ಷರದ ನೆತ್ತಿಯ ಮೇಲೆ ಗೀಟು, ನಡುನಡುವೆ ಪೌಂಡಿನ ಗುರುತು, ಖಾಲಿ ಚೌಕಗಳು.

“ಅಕ್ಕ, ಇದನ್ನ ನಾನೇ ಬರ್ದಿದ್ದಾ?” ಎಂದ. ನಗುತ್ತಲೇ ಕೇಳಿದ.

ನಾನೂ ನಕ್ಕೆ. ಅಕ್ಷರದ ತೊಂದರೆ ಅಷ್ಟೇ, ದಿನಾ ಇದೇ ನನ್ನ ಕೆಲಸ, ಮುಂದಿನ ಭಾನುವಾರ ಸರಿಮಾಡಿಕೊಡುತ್ತೇನೆ ಎಂದೆ. ಪೆನ್‌ಡ್ರೈವನ್ನು ಕಚೇರಿಗೆ ಒಯ್ದೆ. ಕಚೇರಿಯ ಕಡತಗಳಿಗೆ ಬಳಸಿದ ಪರಿವರ್ತಕಕ್ಕೆ ಇವನ್ನು ಹಾಕಿದರೆ ಅದು ತೆಗೆದುಕೊಳ್ಳಲೇ ಇಲ್ಲ. ಆಮೇಲೆ ತಿಳಿಯಿತು. ನಮ್ಮ ಕಚೇರಿಯಲ್ಲಿ ಎಲ್ಲವನ್ನೂ ಸಾಮಾನ್ಯ ವರ್ಡ್ ಫೈಲಾಗಿ ಉಳಿಸುತ್ತಿದ್ದೆವು. ತಮ್ಮ ಮಾತ್ರ ಆ ಹಳೆಯ ತಂತ್ರಾಂಶದ ಸ್ವಂತ ರೂಪದಲ್ಲೇ ಉಳಿಸುತ್ತ ಬಂದಿದ್ದ. ಅವನಿಗೆ ಹಾಗೆ ಕಲಿಸಿದವಳು ನಾನೇ. ಆ ತಂತ್ರಾಂಶ ಇದ್ದರೆ ಮಾತ್ರ ಆ ಫೈಲು ಬಿಚ್ಚಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರುಗಳಲ್ಲಿ ಆ ತಂತ್ರಾಂಶ ಕೂರುತ್ತಿರಲಿಲ್ಲ. ಹಳೆಯ ಕಂಪ್ಯೂಟರನ್ನು ನಾನೇ ಗುಜರಿಗೆ ಹಾಕಿದ್ದೆ.

ಎಲ್ಲಾದರೂ ಒಂದು ಹಳೆಯ ಕಂಪ್ಯೂಟರ್ ಹುಡುಕಿದರೆ ಆಗುತ್ತಿತ್ತು. ಅದು ನನಗೆ ಆಗಲೇ ಗೊತ್ತಿತ್ತು. ಆದರೆ ಆ ಭಾನುವಾರ ಮಗಳಿಗೆ ಜ್ವರ, ಅದರ ಮುಂದಿನದು ಗೃಹಪ್ರವೇಶ, ಆಮೇಲೆ ಚುನಾವಣೆ ಕೆಲಸ. ಊರಿಗೆ ಹೋದಾಗಲೆಲ್ಲ ಅವನು ಏನಾದರೂ ಕೇಳುವ ಮೊದಲೇ ನಾನು ಬೇರೆ ಮಾತು ಎತ್ತುತ್ತಿದ್ದೆ. ಹೊಸದಾಗಿ ಇವತ್ತಿನಿಂದಲೇ ಬರೆಯಲು ಶುರುಮಾಡು ಎಂದು ಒಮ್ಮೆ ಹೇಳಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡದ ಕೀಲಿಗಳ ಸ್ಥಾನವೂ ಬೇರೆಯಾಗಿತ್ತು. ಅವನು ತನ್ನ ಬಲಗೈಯ ಬೆರಳುಗಳನ್ನು ನೋಡಿಕೊಂಡ.

“ಬೆಳ್ಳು ಕೇಳ್ಬೇಕಲ್ಲಕ್ಕ,” ಎಂದ.

ಆ ವರ್ಷ ಮಳೆ ಚೆನ್ನಾಗಿ ಬಂತು. ಎಷ್ಟೋ ವರ್ಷದ ಮೇಲೆ ನಮ್ಮ ಕೆರೆ ತುಂಬಿ ಕೋಡಿ ಬಿತ್ತು. ಊರೆಲ್ಲ ನೋಡಲು ಬಂದಿತ್ತು. ನಾನೂ ಮಗಳನ್ನು ಕರೆದುಕೊಂಡು ಹೋದೆ. ತಮ್ಮ ಬಾಗಿಲಲ್ಲಿ ದಿಂಬಿಗೆ ಒರಗಿ ಕೂತು ನೀರು ಬೀಳುವುದನ್ನು ನೋಡುತ್ತಿದ್ದ. ಉಸಿರು ಆಗಲೇ ಸಣ್ಣದಾಗಿತ್ತು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ನಿಲ್ಲಬೇಕಾಗಿತ್ತು. ಅಕ್ಕ, ಹಿಂದಿನ ಸಲ ಕೋಡಿ ಬಿದ್ದಾಗಲೂ ನಾನು ಬರೆದಿದ್ದೆ, ಆವಾಗ ಹಿನ್ನೀರಿಗೆ ಯಾವ ಹಕ್ಕಿ ಮೊದಲು ಬಂತು ಅನ್ನುವುದು ಮರೆತುಹೋಗಿದೆ, ಅದೊಂದನ್ನು ತೆಗೆದು ನೋಡಿ ಹೇಳು ಎಂದ.

“ಇನ್ನೂ ಆಗಿಲ್ಲ ಕಣ್ಲಾ,” ಎಂದೆ.

“ಕಗ್ಗಲಡು ಕಡೆಯಿಂದ ಕೊಕ್ಕರೆ ಬಂದ್ವಾ, ನೀರುಕಾಗೆ ಬಂದ್ವಾ, ಅಷ್ಟೇ ಕಣಕ್ಕ,” ಎಂದ. “ತಲೇಲಿಲ್ಲ. ಬರ್ದಿಟ್ಟಿದೀನಲ್ಲ ಅಂತ ಬುಟ್ಬುಟ್ಟೆ.”

ಬರೆದಿಟ್ಟಿದ್ದೇನೆಂದು ಅವನು ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟಿದ್ದ. ಮಗಳು ಕೋಡಿ ನೋಡೋಣ ಬಾ ಎಂದು ಕೈ ಎಳೆದಳು, ಎದ್ದು ಹೋದೆ. ಅವನು ಆಮೇಲೆ ಆ ವಿಷಯ ಎತ್ತಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಿಕೊಳ್ಳಲಿಲ್ಲ. ಹೋದಾಗಲೆಲ್ಲ ಮಗಳ ಓದು, ಬಸ್ಸು, ಕಚೇರಿ ಎಲ್ಲ ವಿಚಾರಿಸುತ್ತಿದ್ದ. ಲ್ಯಾಪ್‌ಟಾಪನ್ನು ಅವ್ವ ಒಂದು ಟವಲ್ಲಿನಲ್ಲಿ ಸುತ್ತಿ ಗೂಡಿನಲ್ಲಿಟ್ಟಿದ್ದಳು.

ಚಳಿಗಾಲದಲ್ಲಿ ಅವನಿಗೆ ನೆಗಡಿಯಾಯಿತು, ಅದು ಎದೆಗೆ ಇಳಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಐದು ದಿನ ಇದ್ದ. ಮೂಗಿಗೆ, ಬಾಯಿಗೆ ಆಮ್ಲಜನಕದ ಮಾಸ್ಕ್ ಹಾಕಿದ್ದರಿಂದ ಮಾತಾಡಲಾಗುತ್ತಿರಲಿಲ್ಲ. ಆರನೆಯ ದಿನ ಬೆಳಗ್ಗೆ ಅವ್ವ ಅವನ ಮುಖ ಒರೆಸುತ್ತಿದ್ದಾಗ ಹೋದ. ಕೆರೆಯ ಆಚೆ ದಡದಲ್ಲಿ ನಮ್ಮ ತುಂಡು ಹೊಲದಲ್ಲಿ ಮಣ್ಣು ಮಾಡಿದೆವು. ಅರ್ಜಿ ಬರೆಸಿಕೊಂಡವರು ಎಷ್ಟು ಜನ ಬಂದಿದ್ದರೆಂದರೆ, ಏರಿಯ ಮೇಲೆ ಒಬ್ಬರ ಹಿಂದೊಬ್ಬರು ಸಾಲಾಗಿ ಬರಬೇಕಾಯಿತು.

ಹನ್ನೊಂದನೆಯ ದಿನ ಕಳೆದ ಮೇಲೆ ಆ ಪೆನ್‌ಡ್ರೈವ್ ನನ್ನ ಕಚೇರಿಯ ಮೇಜಿನ ಡ್ರಾಯರಿನಲ್ಲಿ ಗುಂಡುಸೂಜಿಗಳ ನಡುವೆ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಹುಡುಕಲು ಶುರುಮಾಡಿದೆ. ಬದುಕಿದ್ದಾಗ ಸಿಗದಿದ್ದ ಭಾನುವಾರಗಳು ಈಗ ಒಂದರ ಹಿಂದೊಂದು ಸಿಕ್ಕವು.

ಶಿರಾದ ಅಂಗಡಿಗಳಲ್ಲಿ ಎಲ್ಲರೂ ಹೊಸ ಯಂತ್ರ ಇಟ್ಟುಕೊಂಡಿದ್ದರು. ಕೊರಟಗೆರೆಯಲ್ಲಿ ಒಬ್ಬರು ಅರ್ಧ ದಿನ ಪ್ರಯತ್ನಪಟ್ಟು, ಕೊನೆಗೆ ಅಕ್ಷರಗಳನ್ನೇನೋ ಕನ್ನಡಕ್ಕೆ ತಂದರು. ಆದರೆ ಒತ್ತಕ್ಷರಗಳೆಲ್ಲ ಬೇರೆಬೇರೆ ಕಡೆ ಬಿದ್ದು, ಒಂದು ಸಾಲೂ ಸಾಲಾಗಿರಲಿಲ್ಲ. ಕಗ್ಗಲಡು ಎಂಬ ಊರ ಹೆಸರಿನ ಗ ಒಂದು ಕಡೆ, ಅದರ ಒತ್ತು ಮತ್ತೊಂದು ಕಡೆ. ಪಾವಗಡದಲ್ಲಿ ಫ್ಲೆಕ್ಸ್ ಬೋರ್ಡ್ ಮಾಡುವ ಒಬ್ಬರಿದ್ದಾರೆ, ತೆಲುಗು ಕನ್ನಡ ಎರಡರ ಹಳೆಯ ಫಾಂಟುಗಳನ್ನೂ ಇಟ್ಟುಕೊಂಡಿದ್ದಾರೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋದೆ. ಆತ ಫೈಲಿನ ಹೆಸರಿನ ಬಾಲ ನೋಡಿದ ತಕ್ಷಣ ಕುರ್ಚಿಗೆ ಒರಗಿಕೊಂಡರು.

“ಅಮ್ಮಾ, ಇದಿ ಚಾಲಾ ಪಾತದಿ. ತುಂಬಾ ಹಳೇದು,” ಎಂದರು. “ಮಧುಗಿರೀಲಿ ಟೈಪಿಂಗ್ ಮೇಷ್ಟ್ರು ಒಬ್ರು ಇದ್ರು. ನಾನು ಕೆಲ್ಸ ಕಲ್ತಿದ್ದೂ ಅವರ ತಾವೇ. ಅವರತ್ರ ಕೇಳಿ ನೋಡಿ.”

ನಾನು ಅವರ ಹೆಸರನ್ನು ಕೇಳಬೇಕಾಗಿಯೇ ಇರಲಿಲ್ಲ. ಇಷ್ಟು ದಿನ ಅವರ ನೆನಪೇ ಯಾಕೆ ಬರಲಿಲ್ಲ ಎಂದು ಪಾವಗಡದಿಂದ ಮಧುಗಿರಿಯವರೆಗೆ ಬಸ್ಸಿನಲ್ಲಿ ಯೋಚಿಸಿದೆ. ಅಂಗಡಿ ಮುಚ್ಚಿದೆ ಎಂದು ಕೇಳಿದ್ದೆ, ಅದಕ್ಕೆ ಮೇಷ್ಟ್ರೂ ಇಲ್ಲ ಎಂದುಕೊಂಡಿದ್ದೆನೇನೋ. ಅವರು ಇದ್ದರು. ದಂಡಿನ ಮಾರಮ್ಮನ ಗುಡಿಯ ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿದ್ದರು. ನನ್ನ ಗುರುತು ಹಿಡಿದು, ಟೈಪ್ ಮಾಡುವಾಗ ಈಗಲೂ ಎಡಗೈ ಕಿರುಬೆರಳು ಎತ್ತಿಕೊಳ್ಳುತ್ತೀಯಾ ಎಂದು ಕೇಳಿದರು. ಬಂದ ಕೆಲಸ ಹೇಳಿದೆ. ಒಳಕೋಣೆಯಲ್ಲಿ ಬೆಡ್‌ಶೀಟ್ ಹೊದಿಸಿದ್ದ ಒಂದು ಹಳೆಯ ಕಂಪ್ಯೂಟರನ್ನು ತೋರಿಸಿದರು. ನಾನು ಕೂತು ಕೆಲಸ ಮಾಡಿದ್ದೇ ಅಂಥದೊಂದರ ಮುಂದೆ. ಅಂಗಡಿಯ ಹಳೆಯ ಕೆಲಸಗಳೆಲ್ಲ ಇದರಲ್ಲಿವೆ, ಬಿಸಾಕಲು ಮನಸ್ಸು ಬರಲಿಲ್ಲ ಎಂದರು.

ಅವರ ಮಗಳು ಕಾಫಿ ಮಾಡಿ ತರುವಷ್ಟರಲ್ಲಿ ಮೊದಲ ಫೈಲು ತೆರೆದುಕೊಂಡಿತು. ಇಪ್ಪತ್ತು ನಿಮಿಷ ಕೂಡ ಆಗಿರಲಿಲ್ಲ. ಪರದೆಯ ಮೇಲೆ ನನ್ನ ತಮ್ಮನ ಮಾತು ಅವನು ಬಿಟ್ಟ ಹಾಗೆಯೇ ಇತ್ತು.

“ಇದೇನ್ ದೊಡ್ ಕೆಲ್ಸ ಅಲ್ವಲ್ಲಮ್ಮ,” ಎಂದರು ಮೇಷ್ಟ್ರು. “ಮೊದ್ಲೇ ತರಬಾರದಾಗಿತ್ತಾ?”

ಅವರಿಗೆ ಗೊತ್ತಿರಲಿಲ್ಲ. ನನ್ನ ತಮ್ಮ ತೀರಿಕೊಂಡ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಒಂದೊಂದೇ ಫೈಲನ್ನು ತೆರೆದು ಬೇರೆ ರೂಪದಲ್ಲಿ ಉಳಿಸುತ್ತ ಹೋದರು. ಹತ್ತಾರು ಭಾನುವಾರ ಹಿಡಿಯಿತು. ನಾನು ಪಕ್ಕದಲ್ಲಿ ಕೂತು ಓದಿದೆ.

ಹಿಂದಿನ ಸಲ ಕೋಡಿ ಬಿದ್ದಾಗ ಮೊದಲು ಬಂದದ್ದು ನೀರುಕಾಗೆ. ಕೊಕ್ಕರೆ ಬಂದದ್ದು ಒಂಬತ್ತು ದಿನದ ಮೇಲೆ. ಅದನ್ನು ಓದಿದಾಗ, ಈಗ ಇದನ್ನು ಯಾರಿಗೆ ಹೇಳಲಿ ಎನ್ನಿಸಿತು.

ಏರಿಯ ಮೇಲೆ ಹೋದವರು, ಬಂದವರು, ಎಮ್ಮೆ, ಹಾವು, ಕಟ್ಟಡದ ಮರಳಿಗೆ ಬಂದ ಟ್ರ್ಯಾಕ್ಟರು ಎಲ್ಲವನ್ನೂ ಬರೆದಿದ್ದ. ಭಾನುವಾರಗಳಲ್ಲಿ ನಾನೂ ಇದ್ದೆ. ‘ಅಕ್ಕ ಬಸ್ ಇಳಿದ್ಲು. ನೀಲಿ ಸೀರೆ. ತೂಬಿನ ತಾವ ನಿಂತು ಫೋನ್ ಮಾಡಿದ್ಲು, ಆಮೇಲೆ ಬಂದ್ಲು.’ ಇನ್ನೊಂದು ವಾರ, ‘ಅಕ್ಕ ಬರ್ಲಿಲ್ಲ. ಬೆಳ್ಳಕ್ಕಿ ನಲವತ್ತೊಂದು.’ ದೂರು ಎಲ್ಲೂ ಇಲ್ಲ. ನಾನು ಬಂದದ್ದನ್ನೂ ಬಾರದಿದ್ದದ್ದನ್ನೂ ನೀರಿನ ಮಟ್ಟದ ಹಾಗೆ ಗುರುತು ಹಾಕಿಕೊಂಡು ಹೋಗಿದ್ದ. ಬಾರದ ವಾರಗಳು ಇಷ್ಟಿದ್ದವೆಂದು ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಸಂಜೆ ಫೈಲುಗಳು ಮುಗಿದವು. ಕೊನೆಯದರ ದಿನಾಂಕ ನಾನು ಕಂಪ್ಯೂಟರ್ ಹೊತ್ತೊಯ್ದ ದಿನಕ್ಕಿಂತ ಏಳು ತಿಂಗಳು ಹಿಂದಿನದು. ಅಷ್ಟು ತಿಂಗಳು ಬರೆಯಲಿಲ್ಲವೇ ಎಂದುಕೊಂಡೆ. ಆಗ ನೆನಪಾಯಿತು. ಆಟೋದವನು ಹೊರಗೆ ಹಾರ್ನ್ ಮಾಡುತ್ತಿದ್ದಾಗ, ಮಂಚದ ಮೇಲಿಂದ ತಮ್ಮ, ಅಕ್ಕ ಹೊರಗಡೆ ಇನ್ನೊಂದಷ್ಟು ಅವೆ ನೋಡು ಎಂದಿದ್ದ. ನಾನು ಹೂಂ ಎಂದಿದ್ದೆ. ತೋಳು ಸೋತ ಮೇಲೆ ಫೋಲ್ಡರಿನೊಳಕ್ಕೆ ಹೋಗಿ ಉಳಿಸುವುದು ಕಷ್ಟವಾಗಿ, ಅವನು ಎಲ್ಲವನ್ನೂ ಹೊರಗೆ, ಡೆಸ್ಕ್‌ಟಾಪಿನ ಮೇಲೆಯೇ ಉಳಿಸಿ ಬಿಡುತ್ತಿದ್ದಿರಬೇಕು. ನಾನು ಫೋಲ್ಡರನ್ನು ಮಾತ್ರ ತೆಗೆದುಕೊಂಡಿದ್ದೆ. ಮರುದಿನ ಶಿರಾದ ಗುಜರಿ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ಒಳ್ಳೆಯ ಮನುಷ್ಯ, ನನ್ನ ಸಮಾಧಾನಕ್ಕೆ ಹಿಂದಿನ ಗೋದಾಮಿನ ಬೀಗ ತೆಗೆದು ಟಾರ್ಚ್ ಹಿಡಿದರು. ಅಲ್ಲಿ ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೇಷ್ಟ್ರು ಉಳಿಸಿಕೊಟ್ಟದ್ದನ್ನು ಈಗ ನಾನು ಯೂನಿಕೋಡಿಗೆ ತಂದು ತಿದ್ದುತ್ತಿದ್ದೇನೆ. ಅಲ್ಲಲ್ಲಿ ಅರ್ಕಾವತ್ತು ಜಾರುತ್ತದೆ, ಅದನ್ನು ಸರಿಮಾಡುತ್ತೇನೆ. ಅವನು ಬರೆದ ಪ್ರತಿ ಮಾತಿನ ಕೆಳಗೂ ಕಂಪ್ಯೂಟರು ಕೆಂಪು ಗೆರೆ ಎಳೆಯುತ್ತದೆ. ಅದನ್ನು ಹಾಗೇ ಬಿಡುತ್ತೇನೆ.

ಅವ್ವನಿಗೆ ಓದು ಬರುವುದಿಲ್ಲ. ಒಂದು ದಿನ ಮೊಬೈಲಿನಲ್ಲಿ ಹಾಕಿಕೊಂಡು ಹೋಗಿ, ಅವಳು ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಓದಿ ಹೇಳಿದೆ. ಅವಳು ತಲೆ ಎತ್ತದೆ ಕೇಳಿದಳು. ನೀರಗಂಟಿಯ ಟವಲ್ ಬಂದಾಗ, ಅದು ಅವನ ಸೊಸೆ ಕೊಟ್ಟದ್ದು ಎಂದಳು. ಸುಮಾರು ಹೊತ್ತಾದ ಮೇಲೆ ಕೈ ನಿಲ್ಲಿಸಿದಳು.

“ನನ್ ಇಸ್ಯ ಏನಾರ ಬರ್ದವ್ನಾ?”

ಬರೆದಿರಲಿಲ್ಲ. ನಾನು ಎಲ್ಲವನ್ನೂ ಓದಿದ್ದೆ. ಅವನು ಬಾಗಿಲಾಚೆ ಕಂಡದ್ದನ್ನು ಬರೆದವನು. ಅವ್ವ ಯಾವಾಗಲೂ ಅವನ ಬೆನ್ನ ಹಿಂದೆ, ಒಳಗೆ ಇದ್ದಳು. ಅವನನ್ನು ಎತ್ತಿದವಳು, ಮೀಯಿಸಿದವಳು, ತುತ್ತು ಮಾಡಿ ಬಾಯಿಗಿಟ್ಟವಳು ಅವಳು, ಆದರೂ ಒಂದು ಸಾಲಿನಲ್ಲೂ ಇಲ್ಲ. ಕಳೆದುಹೋದ ಏಳು ತಿಂಗಳಲ್ಲಿ ಇತ್ತೋ ಏನೋ, ಅದನ್ನು ತಿಳಿಯುವ ದಾರಿಯಿಲ್ಲ. ನಾನು ಮೊಬೈಲಿನ ಮೇಲೆ ಬೆರಳು ಆಡಿಸಿ, ಹುಡುಕಿದ ಹಾಗೆ ಮಾಡಿ, ಓದಿದೆ. ‘ಅವ್ವ ನನ್ನನ್ನು ಮಗುವಿನಂತೆ ನೋಡಿಕೊಂಡಳು. ಅವಳ ಋಣ ತೀರಿಸಲಾರೆ.’

ಅವ್ವ ನನ್ನ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ.

“ಅದು ಅವ್ನ್ ಮಾತಲ್ಲ ಕಣಮ್ಮ,” ಎಂದಳು. “ಅವ್ನು ಅಂಗೆಲ್ಲ ಅನ್ನೋನಲ್ಲ. ಹೋಗ್ಲಿ ಬುಡು, ಮುಂದುಕ್ಕೆ ಓದು.”

ನಾನು ಮುಂದಿನ ಫೈಲು ತೆರೆದೆ. ಆ ದಿನ ಗಾಳಿ ಇತ್ತಂತೆ, ನೀರು ಕಲಕಿತ್ತಂತೆ, ಮಧ್ಯಾಹ್ನದ ತನಕ ಏರಿಯ ಮೇಲೆ ಯಾರೂ ಬರಲಿಲ್ಲವಂತೆ. ಅವ್ವ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕಾಯಿ ಬಿಡಿಸತೊಡಗಿದಳು.